ಹದದಕ್ಕನ ಉಪ್ಪು

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಪ್ಪತ್ತಾರು ವರ್ಷ ನಾನೂರು ಜನಕ್ಕೆ ಬೇಯಿಸಿ ಹಾಕಿದವಳಿಗೆ ಹುಟ್ಟಿದಾಗ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಹಾಜರಿ ಪುಸ್ತಕ ಬಿಟ್ಟು ಹೊರಗೆ ಬಂದದ್ದೇ ಇಲ್ಲ. ಮ್ಯಾನೇಜರನಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರಿಗೂ ಅವಳು ಹದದಕ್ಕ. ಉಪ್ಪಿನ ಹದದಲ್ಲಿ ಅವಳದು ಎತ್ತಿದ ಕೈ. ಕುದಿಯುವ ಹಂಡೆಯಿಂದ ಸೌಟಿನ ತುದಿಯಲ್ಲಿ ಒಂದು ಹನಿ ಎತ್ತಿ, ಎಡಗೈಯ ಹಿಂಭಾಗಕ್ಕೆ ಬಿಟ್ಟುಕೊಂಡು, ನೆಕ್ಕಿ, ಕಣ್ಣು ಮುಚ್ಚಿ ಒಂದು ಕ್ಷಣ ನಿಲ್ಲುವಳು. ಆಮೇಲೆ ಒಂದು ಹಿಡಿಯೋ, ಒಂದು ಚಿಟಿಕೆಯೋ. ಅಲ್ಲಿಗೆ ಮುಗಿಯಿತು, ಮತ್ತೆ ನೋಡುವ ಮಾತಿಲ್ಲ. ಹೊಸದಾಗಿ ಬಂದ ಮ್ಯಾನೇಜರೊಬ್ಬ ಅಳತೆ ಚಮಚಗಳ ಗೊಂಚಲೊಂದನ್ನು ತಂದುಕೊಟ್ಟಾಗ ಅವಳು ಎರಡೂ ಕೈಯೊಡ್ಡಿ ತೆಗೆದುಕೊಂಡಳು. ಗಾಳಿಗೆ ಬಡಿದುಕೊಳ್ಳುತ್ತಿದ್ದ ಅಡುಗೆಮನೆಯ ಕಿಟಕಿಯ ಸಂದಿಗೆ ಅದನ್ನು ತುರುಕಿದಳು. ಕಿಟಕಿ ಸುಮ್ಮನಾಯಿತು, ಮ್ಯಾನೇಜರೂ ಸುಮ್ಮನಾದ.

ಗಂಡ ತೀರಿಕೊಂಡ ಮೇಲೆ ಅವಳಿಗೆ ತಮ್ಮನೊಬ್ಬನೇ ದಿಕ್ಕು, ತಮ್ಮನಿಗೆ ಅವಳು. ಮದುವೆಯ ಗೋಜಿಗೆ ಹೋಗದ ಆ ಮನುಷ್ಯ ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದ. ಮನೆಯಲ್ಲೂ ಯಾರಾದರೂ ಬಾಗಿಲಲ್ಲಿ ನಿಂತರೆ, “ಒಳಗೆ ಬನ್ನಿ, ಒಳಗೆ ಬನ್ನಿ, ಒಳಗೆಲ್ಲ ಖಾಲಿ ಇದೆ” ಅನ್ನುವನು. ಎರಡು ವರ್ಷದ ಹಿಂದೆ ಅವನ ಹೃದಯ ದುರ್ಬಲವಾಗಿದೆ ಎಂದು ಗೊತ್ತಾಗಿತ್ತು. ದಿನಕ್ಕೆ ಮೂರು ಮಾತ್ರೆ, ಮತ್ತೆ ಉಪ್ಪು ಆದಷ್ಟೂ ಕಡಿಮೆ. “ಉಪ್ಪಿನ ವಿಷಯ ನನಗೆ ಬಿಡಿ” ಎಂದು ಅಕ್ಕ ಡಾಕ್ಟರಿಗೇ ಭರವಸೆ ಕೊಟ್ಟು ಬಂದಿದ್ದಳು. ಕೊಟ್ಟ ಮಾತನ್ನು ಉಳಿಸಿಕೊಂಡೂ ಇದ್ದಳು.

ಆ ವರ್ಷ ನದಿ ಹಾಡುಹಗಲೇ ಊರೊಳಗೆ ನುಗ್ಗಿತು. ಅಕ್ಕ ತಮ್ಮ ಇಬ್ಬರೂ ಮಹಡಿ ಮೆಟ್ಟಿಲ ಮೇಲೆ ಕತ್ತಿನವರೆಗಿನ ನೀರಲ್ಲಿ ನಿಂತು ಬದುಕಿಕೊಂಡರು. ಪಕ್ಕದ ಮನೆಯ ಗೆಳತಿ ಉಳಿಯಲಿಲ್ಲ. ಮೂವತ್ತು ವರ್ಷ ಗೋಡೆಯ ಮೇಲಿಂದ ಅವಳಿಗೊಂದು ಬಟ್ಟಲು ದಾಟಿಸದೆ ಹದದಕ್ಕ ಊಟಕ್ಕೆ ಕೂತದ್ದಿಲ್ಲ. ಆ ಗೋಡೆಯೂ ಹೋಯಿತು, ಮನೆಯೂ ಹೋಯಿತು, ಕ್ಯಾಂಟೀನಿನ ಹಂಡೆಗಳು ಎರಡು ಮೈಲಿ ಆಚೆ ಗದ್ದೆಯಲ್ಲಿ ಸಿಕ್ಕವು.

ಗುಡ್ಡದ ಮೇಲಿನ ಶಾಲೆಯಲ್ಲಿ ಮುನ್ನೂರು ಜನ ತುಂಬಿಕೊಂಡರು. ಮೊದಲ ಎರಡು ದಿನ ಯಾರೋ ಹುಮ್ಮಸ್ಸಿನವರು ಅನ್ನವನ್ನು ಒಂದು ದಿನ ಸೀಯಿಸಿದರು, ಇನ್ನೊಂದು ದಿನ ಬೇಯಿಸಲೇ ಇಲ್ಲ. ಮೂರನೆಯ ದಿನ ಹದದಕ್ಕ ಎದ್ದುಹೋಗಿ ಅವರ ಕೈಯಿಂದ ಸೌಟು ಕಿತ್ತುಕೊಂಡಳು. ಪಂಕ್ತಿಯ ಯಜಮಾನಿಕೆ ತಮ್ಮನದಾಯಿತು. ತಟ್ಟೆ ಹಿಡಿದವರನ್ನೆಲ್ಲ ಬಾಗಿಲಲ್ಲೇ ತಡೆದು ಏನೋ ಹೇಳಿ, ನಗಿಸಿ, “ಮುಂದೆ ಹೋಗಿ, ಮುಂದೆ ಹೋಗಿ” ಎಂದು ಕಳಿಸುವನು. ನೀರಿನ ಪಾಲಾಗಿದ್ದ ಅವನ ಮಾತ್ರೆಗಳು ಎಂಟು ದಿನದ ಮೇಲೆ ಮತ್ತೆ ಸಿಕ್ಕವು.

ಆದರೆ ಹದದಕ್ಕನಿಗೆ ಒಂದು ಬೇಸರ. ಶಿಬಿರಕ್ಕೆ ಬರುವ ಬೇಳೆ, ತರಕಾರಿ ಯಾವುದರಲ್ಲೂ ಸತ್ವವೇ ಇಲ್ಲವೆಂದು ಅವಳ ವಾದ. ಹನಿ ನೆಕ್ಕಿದರೆ ಸಪ್ಪೆ. ಒಂದು ಹಿಡಿ ಹಾಕಿ ನೆಕ್ಕಿದರೂ ಸಪ್ಪೆ. ಅವಳ ಜೀವಮಾನದಲ್ಲಿ ಹೀಗೆ ಎರಡೆರಡು ಸಲ ನೋಡಿದ್ದಿಲ್ಲ, ಈಗ ಮೂರು ಸಲ ನೋಡುವಳು. ಮೂರನೆಯ ಹಿಡಿ ಹಾಕುವ ಮುಂಚೆ ತಮ್ಮನ ಪಾಲನ್ನು ಬೇರೆ ಪಾತ್ರೆಗೆ ಎತ್ತಿಡುವಳು, ಅವನಿಗೆ ಉಪ್ಪು ಕಡಿಮೆಯಿರಬೇಕಲ್ಲ! ಊಟ ಹೇಗಿದೆ ಎಂದು ಕೇಳಿದರೆ ಮುನ್ನೂರು ಜನವೂ “ಚೆನ್ನಾಗಿದೆ ಹದದಕ್ಕ” ಅನ್ನುವರು. ಕುಡಿಯುವ ನೀರಿನ ಎರಡು ಡ್ರಮ್ಮು ಮಧ್ಯಾಹ್ನಕ್ಕೇ ಬರಿದಾದಾಗ, “ಪ್ರವಾಹ ಕುಡಿದದ್ದು ಸಾಲದಾ ನಿಮಗೆ?” ಎಂದು ಅವಳೇ ಗದರುವಳು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದದ್ದು ಹೊಳೆಯಬೇಕಾದ ಹೊತ್ತಿಗೆ ಹೊಳೆದರೆ ನಾವೆಲ್ಲ ಜಾಣರೇ.

ವಾರಕ್ಕೊಮ್ಮೆ ನರ್ಸಮ್ಮ ಬಂದು ಶಾಲೆಯ ಪ್ರಯೋಗಾಲಯದ ಮುಂದಿನ ಬೆಂಚಿನಲ್ಲಿ ಎಲ್ಲರ ರಕ್ತದೊತ್ತಡ ನೋಡುತ್ತಿದ್ದಳು. ನಾಲ್ಕನೆಯ ವಾರ ಎಲ್ಲರದೂ ಏರಿರುವುದು ಕಂಡು ಅವಳ ಹುಬ್ಬು ಗಂಟಾಯಿತು. “ಮನೆ ಕಳಕೊಂಡವರ ಎದೆ ಹೀಗೇ ಕಣಮ್ಮ. ನಿದ್ದೆಯಿಲ್ಲ, ಚಿಂತೆ, ಮಾತ್ರೆ ತಪ್ಪಿರುತ್ತೆ. ತಿಂಗಳುಗಟ್ಟಲೆ ಕಾಡುತ್ತೆ. ಆದ್ರೂ ಇಲ್ಲಿ ಯಾಕೋ ಅತಿಯಾಯ್ತು” ಎಂದು ಹದದಕ್ಕನಿಗೆ ಹೇಳಿದಳು.

ತಮ್ಮನ ಪಾದ ಊದಿಕೊಂಡು ಚಪ್ಪಲಿಗೆ ಹಿಡಿಸದಾಯಿತು. ಮಲಗಿದರೆ ಉಸಿರು ಕಟ್ಟುತ್ತದೆಂದು ಕರಿಹಲಗೆಗೆ ಒರಗಿ ಕೂತೇ ನಿದ್ದೆ ಮಾಡುವನು. ಬೆನ್ನಿಗೆ ಸೀಮೆಸುಣ್ಣದ ಅಕ್ಷರಗಳು ಮೆತ್ತಿಕೊಂಡಿರುತ್ತಿದ್ದವು. ಹದದಕ್ಕನಿಗೆ ಕೈಕಾಲು ಆಡದಾಯಿತು. ಇವನೂ ಹೋದರೆ ತನಗೆ ಯಾರು? ಕಿರುಗುಟ್ಟುವ ಫ್ಯಾನಿಗೆ ಬೈದಳು, ಸಿಮೆಂಟು ನೆಲಕ್ಕೆ ಬೈದಳು, ಮಾತ್ರೆ ತಡಮಾಡಿದವರ ಜನ್ಮ ಜಾಲಾಡಿದಳು. ಜೀವ ಹಿಡಿದುಕೊಳ್ಳಲಿ ಎಂದು ಅವನ ತಟ್ಟೆಗೆ ಇನ್ನೊಂದು ಸೌಟು ಹೆಚ್ಚಿಗೆ ಬಡಿಸಿದಳು. ಅವನು ತೆಪ್ಪಗೆ ತಿಂದ.

ಮರುದಿನ ಬೆಳಿಗ್ಗೆ ಪಂಕ್ತಿಯ ಬಾಗಿಲಲ್ಲೇ ಅವನು ಕುಸಿದ. ಆಂಬುಲೆನ್ಸು ಬಂತು.

ಆಸ್ಪತ್ರೆಯಲ್ಲಿ ಎರಡು ದಿನ ಅವನ ಮೈಯಿಂದ ನೀರು ಇಳಿಸಿದರು. “ಊಟದಲ್ಲಿ ಉಪ್ಪು ಎಷ್ಟಮ್ಮ?” ಎಂದು ಡಾಕ್ಟರು ಕೇಳಿದಾಗ ಅವಳಿಗೆ ರೇಗಿತು. “ನಾನೇ ಎತ್ತಿಟ್ಟು ಕೊಡೋದು ಸಾರ್. ಬಾಯಿಗಿಡೋಕಾಗಲ್ಲ, ಅಷ್ಟು ಸಪ್ಪೆ.”

ಮೂರನೆಯ ದಿನ ಆಸ್ಪತ್ರೆಯವರು ಒಂದು ಬಟ್ಟಲು ಗಂಜಿ ತಂದಿಟ್ಟರು. ಹದದಕ್ಕನೂ ಶಿಬಿರದಿಂದ ಡಬ್ಬಿಯಲ್ಲಿ ತನ್ನ ಗಂಜಿ ತಂದಿದ್ದಳು. ಬೇರೆಯವರ ಅಡುಗೆಯನ್ನು ನೋಡದೆ ಬಿಡುವ ಜಾಯಮಾನವೇ ಅವಳದಲ್ಲ. ಆಸ್ಪತ್ರೆಯ ಗಂಜಿಯ ಒಂದು ಹನಿ ಎಡಗೈಯ ಹಿಂಭಾಗಕ್ಕೆ ಬಿಟ್ಟು ನೆಕ್ಕಿದಳು. “ನನ್ನದರ ಹಾಗೇ ಇದೆ. ಉಪ್ಪು ಸರಿಯಾಗೇ ಹಾಕಿದ್ದಾರೆ” ಎಂದಳು.

ಅವನನ್ನು ನೋಡಲು ಬಂದಿದ್ದ ನರ್ಸಮ್ಮ ತಿರುಗಿದಳು. “ಅದಕ್ಕೆ ಉಪ್ಪೇ ಹಾಕಿಲ್ಲ ಹದದಕ್ಕ. ಒಂದು ಕಾಳೂ ಇಲ್ಲ.”

ಹದದಕ್ಕ ತನ್ನ ಡಬ್ಬಿಯ ಗಂಜಿ ನೆಕ್ಕಿದಳು. ಬಟ್ಟಲಿನದನ್ನು ನೆಕ್ಕಿದಳು. ಮತ್ತೆ ಇದು, ಮತ್ತೆ ಅದು. ಎರಡಕ್ಕೂ ಒಂದೇ ರುಚಿ, ಅಂದರೆ ಎರಡಕ್ಕೂ ರುಚಿಯೇ ಇಲ್ಲ. ನರ್ಸಮ್ಮ ಡಬ್ಬಿಯಿಂದ ಒಂದು ಚಮಚ ಬಾಯಿಗಿಟ್ಟವಳು ಮುಖ ಹಿಂಡಿ ನೀರಿನ ಲೋಟಕ್ಕೆ ಕೈ ಚಾಚಿದಳು. ಅದೇ ಕೈಯ ಅಡುಗೆಯನ್ನು ಮುನ್ನೂರು ಜನ ಐದು ವಾರದಿಂದ ತಿನ್ನುತ್ತಿದ್ದರು.

“ಕೆಲವರಿಗೆ ದೊಡ್ಡ ದುಃಖ ಆದ್ರೆ ನಾಲಿಗೆ ಮರಗಟ್ಟುತ್ತಮ್ಮ. ನಿಮ್ಮ ತಪ್ಪಲ್ಲ” ಎಂದಳು ನರ್ಸಮ್ಮ. ಅದು ಹದದಕ್ಕನ ಕಿವಿಗೆ ಬೀಳಲಿಲ್ಲ. ಅವಳು ತಮ್ಮನನ್ನೇ ನೋಡುತ್ತಿದ್ದಳು.

“ನಿಂಗೆ ಗೊತ್ತಿತ್ತೇನೋ?”

“ಮೊದಲನೇ ದಿನವೇ.”

“ಜನಕ್ಕೆ?”

“ಅವರಿಗೇನು ನಾಲಿಗೆ ಇಲ್ವಾ? ಬಾಗಿಲಲ್ಲಿ ನಾನೇ ಹೇಳಿ ಕಳಿಸ್ತಿದ್ದೆ. ಕೇಳಿದ್ರೆ ಚೆನ್ನಾಗಿದೆ ಅನ್ನಿ, ಬೇರೆ ಮಾತಾಡಿದವರಿಗೆ ಈ ಬಸ್ಸಲ್ಲಿ ಜಾಗ ಇಲ್ಲ ಅಂತ.”

“ನಿನ್ನ ಎದೆಗೆ ಅದು ವಿಷ ಅಂತ ಗೊತ್ತಿದ್ದೂ ತಿಂದ್ಯಾ? ಪಾಪಿ, ನನ್ನ ಕೈಯಿಂದಲೇ ಸಾಯೋಕೆ ಹೊರಟಿದ್ದೆಯಲ್ಲೋ! ಯಾಕೋ ಹೇಳಲಿಲ್ಲ?”

“ಮನೆ ಹೋಯ್ತು, ಗೆಳತಿ ಹೋದಳು, ಕ್ಯಾಂಟೀನ್ ಹೋಯ್ತು. ನಿನ್ನ ಹತ್ರ ಉಳಿದಿದ್ದು ಆ ಸೌಟೊಂದು. ಅದನ್ನ ಹಿಡ್ಕೊಂಡಾಗ ಮಾತ್ರ ನೀನು ನೆಟ್ಟಗೆ ನಿಲ್ತಿದ್ದೆ ಅಕ್ಕ. ಅದನ್ನೂ ಕಿತ್ಕೊಳ್ಳೋನು ನಾನಾಗ್ಬೇಕಾ?”

ಹದದಕ್ಕ ಗೊಳೋ ಎಂದು ಅತ್ತಳು. ನೀರು ಬಂದ ದಿನ ಅತ್ತಿರಲಿಲ್ಲ, ಗೆಳತಿಯ ಹೆಣ ಸಿಕ್ಕ ದಿನವೂ ಅತ್ತಿರಲಿಲ್ಲ, ಅದೆಲ್ಲ ಈಗ ಸೇರಿಕೊಂಡು ಬಂತು. ಅಳುತ್ತಲೇ ತಮ್ಮನ ತೋಳಿಗೆ ನಾಲ್ಕೇಟು ಹಾಕಿದಳು. ಪಕ್ಕದ ಮಂಚದವರು ಗಾಬರಿಯಾಗಿ ಎದ್ದು ಕೂತರು.

ಮರುದಿನ ಊಟದ ಹೊತ್ತಿಗೆ ಅವಳು ಶಿಬಿರದ ಪಂಕ್ತಿಯ ಮುಂದೆ ನಿಂತಳು. “ನನ್ನ ನಾಲಿಗೆ ಸತ್ತಿದೆ. ಇಷ್ಟು ದಿನ ನಿಮಗೆಲ್ಲ ಉಪ್ಪು ಸುರಿದಿದ್ದೀನಿ. ನಿಮ್ಮ ಒತ್ತಡ ಏರಿದ್ದರಲ್ಲಿ ನನ್ನ ಪಾಲೂ ಇದೆ. ಸೌಟು ಬೇರೆಯವರಿಗೆ ಕೊಡಿ.” ಯಾರೂ ಮುಂದೆ ಬರಲಿಲ್ಲ. ಕೊನೆಗೆ ಮೊದಲ ದಿನ ಅನ್ನ ಸೀಯಿಸಿದ್ದ ಮಹಾರಾಯನೇ, “ನಾನು ಬೇಕಾದ್ರೆ ಮಾಡ್ತೀನಿ ಹದದಕ್ಕ” ಎಂದ. ಪಂಕ್ತಿಗೆ ಪಂಕ್ತಿಯೇ “ಬೇಡಪ್ಪಾ ಬೇಡ!” ಎಂದು ಕೂಗಿತು. ನರ್ಸಮ್ಮ ತನ್ನ ಚೀಲದಿಂದ ಒಂದು ಅಳತೆ ಚಮಚ ತೆಗೆದು ಅವಳ ಕೈಗಿಟ್ಟಳು. ಈ ಸಲ ಹದದಕ್ಕ ಅದನ್ನು ತುರುಕಲು ಕಿಟಕಿ ಹುಡುಕಲಿಲ್ಲ.

ಹತ್ತು ದಿನದ ಮೇಲೆ ತಮ್ಮ ಆಸ್ಪತ್ರೆಯಿಂದ ಶಿಬಿರಕ್ಕೆ ಬಂದ. ಪಾದ ಚಪ್ಪಲಿಗೆ ಹಿಡಿಸುತ್ತಿತ್ತು. ಹದದಕ್ಕ ಹಂಡೆಯ ಮುಂದೆ ನಿಂತು ಚಮಚಕ್ಕೆ ಉಪ್ಪು ತುಂಬಿ, ಚಾಕುವಿನ ಬೆನ್ನಿನಿಂದ ಮಟ್ಟ ಮಾಡಿ, ಹಾಕಿದಳು. ಎಡಗೈ ಅಭ್ಯಾಸಬಲದಿಂದ ಮೇಲೆದ್ದಿತು. ಅದನ್ನು ಏಪ್ರನ್ನಿಗೆ ಒರೆಸಿಕೊಂಡಳು. ತಮ್ಮನ ಪಾಲು ಉಪ್ಪು ಬೀಳುವ ಮುಂಚೆಯೇ ಬೇರೆ ಪಾತ್ರೆಯಲ್ಲಿತ್ತು.

ಅವನು ಒಂದು ತುತ್ತು ಬಾಯಿಗಿಟ್ಟು ಅಕ್ಕನ ಮುಖ ನೋಡಿದ.

“ಹೇಗಿದೆ?” ಎಂದಳು. “ನಿಜ ಹೇಳು.”

“ಸಪ್ಪೆ” ಎಂದ. “ಬಾಯಿಗಿಡೋಕಾಗಲ್ಲ.”

“ಹಂಗಾದ್ರೆ ಸರಿಯಾಗಿದೆ, ತಿನ್ನು” ಎಂದು ಅದೇ ಪಾತ್ರೆಯಿಂದ ತನಗೂ ಬಡಿಸಿಕೊಂಡು ಅವನ ಪಕ್ಕದಲ್ಲಿ ಕೂತಳು.