ಕಣ್ಣು ತೆರೆದ ಒಂದು ಫೋಟೋ

ಕೊರೊನಾ ಮುಗಿದು ಮದುವೆ ಮನೆಗಳ ಮುಂದೆ ಮತ್ತೆ ಪೆಂಡಾಲ್ ಎದ್ದ ವರ್ಷದ ಮಾತಿದು. ಬೈಲಹೊಂಗಲದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇತ್ತು, ಈಗಲೂ ಇದೆ. ಎರಡು ಕುರ್ಚಿ, ಒಂದು ಉದ್ದನೆಯ ಕನ್ನಡಿ. ಮದುಮಗಳ ಮೇಕಪ್ಪಿಗೆಂದು ಪೆಟ್ಟಿಗೆ ಹೊತ್ತು ಕಿತ್ತೂರು, ಸವದತ್ತಿ, ರಾಮದುರ್ಗದ ತನಕ ಹೋಗಿ ಬಂದವಳು ನಾನು. ಎಷ್ಟು ಕಣ್ಣುಗಳಿಗೆ ಗೆರೆ ಎಳೆದಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಒಂದು ಜೋಡಿ ಕಣ್ಣು ಮಾತ್ರ ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ.

ದೊಡವಾಡದ ಕಸ್ತೂರಿ ಎಂಬ ಹೆಣ್ಣುಮಗಳು, ಎರಡು ಎಮ್ಮೆ ಕಟ್ಟಿಕೊಂಡು ಹಾಲು ಹಾಕುವಾಕೆ, ಮಗಳು ಪೂಜಾಳ ಮದುವೆಯ ಮೇಕಪ್ ಗೊತ್ತುಮಾಡಲು ಅವಳನ್ನೂ ಕರೆದುಕೊಂಡು ಬಂದಿದ್ದಳು. ತಾಯಿಗೂ ಮಗಳಿಗೂ ಒಂದೇ ಅಚ್ಚಿನ ಕಣ್ಣು. ಹುಬ್ಬಿನ ಕೆಳಗಿನ ಚರ್ಮ ಮಡಿಕೆಯಾಗಿ ರೆಪ್ಪೆಯ ಮೇಲೆ ಇಳಿದು ಕೂತಿರುತ್ತದೆ. ನಾವು ಪಾರ್ಲರಿನವರು ಇದಕ್ಕೆ ಹುಡೆಡ್ ಐ ಅನ್ನುತ್ತೇವೆ, ಊರ ಮಂದಿ ನಿದ್ದೆಗಣ್ಣು ಅಂತಾರೆ. ಪೂಜಾಳಿಗೆ ವಿಂಗ್ಡ್ ಐಲೈನರ್ ಹಚ್ಚಿ ತೋರಿಸಿದೆ. ಕಣ್ಣಿನ ತುದಿಯಿಂದ ಹುಬ್ಬಿನ ಕಡೆಗೆ ಮೇಲಕ್ಕೆ ಎಳೆಯುವ ಗೆರೆಯದು. ನಮ್ಮ ಕಡೆಯ ಹುಡುಗಿಯರು ಅದನ್ನು ‘ಬಾಲ’ ಎಂದೇ ಕೇಳುತ್ತಾರೆ.

ಮಗಳು ಬಳೆ ನೋಡಲು ಪ್ಯಾಟಿಗೆ ಹೋದಳು. ತಾಯಿ ಹೋಗಲಿಲ್ಲ.

“ಅಕ್ಕಾರ, ನನಗೂ ಆ ಬಾಲ ಹಚ್ಚಾಕ ಬರ್ತೈತೇನ್ರಿ?”

“ಯಾಕ ಬರೂದಿಲ್ರಿ? ಬೀಗತಿ ಆಗಾಕಿ ನೀವು, ಮೊದಲ ನಿಮಗ ಹಚ್ಚಬೇಕು!”

“ನಗಬ್ಯಾಡ್ರಿ. ನನ್ನ ಮದಿವಿ ಫೋಟೋದಾಗೂ ನಿದ್ದಿ ಹೊಡದಂಗ ಬಂದೇನಿ. ಫೋಟೋದಾಂವ ‘ಕಣ್ಣ ತೆಗಿಯವ್ವಾ’ ಅಂತ ಒದರೂದು, ನಾ ‘ತೆಗದೇನೋ ಯಪ್ಪಾ’ ಅನ್ನೂದು. ಆಧಾರ್ ಕಾರ್ಡಿನ್ಯಾಗೂ ಹಂಗ. ಒಂದ ಫೋಟೋದಾಗರ ನನ್ನ ಕಣ್ಣ ತೆಗದದ್ದು ಕಾಣಬೇಕ್ರಿ.”

ನಾನು ನಗುತ್ತಲೇ ಇದ್ದೆ. ಆಕೆ ಸೆರಗು ಸರಿಸಿ ಎಡಗೈ ತೋರಿಸಿದಳು. ಸೂಜಿ ಚುಚ್ಚಿ ಚುಚ್ಚಿ ನರ ಗಂಟುಗಂಟಾಗಿ ಎದ್ದಿತ್ತು.

“ಕಿಡ್ನಿ ಎರಡೂ ಹೋಗ್ಯಾವ್ರಿ. ಧಾರವಾಡಕ್ಕ ಹೋಗಿ ರಗತ ತೊಳಿಸ್ಕೊಂಡ ಬರ್ತೇನಿ. ಡಾಕ್ಟರು ಮದಿವಿ ತನಕ ಗ್ಯಾರಂಟಿ ಕೊಡವಲ್ರು. ಪೂಜಾಗ ಡಾಕ್ಟರ ಈ ಮಾತೊಂದ ಹೇಳಿಲ್ಲ. ಗೊತ್ತಾದ್ರ ಮದಿವೀನ ಒಲ್ಲೆ ಅಂತಾಳ.”

ನನ್ನ ನಗು ಅಲ್ಲೇ ಇಂಗಿಹೋಯಿತು. ಬರ್ರಿ ಕುಂದರ್ರಿ ಎಂದು ಕುರ್ಚಿ ತೋರಿಸಿದೆ.

ಇಂಥ ಕಣ್ಣಿಗೆ ಗೆರೆ ಎಳೆಯುವುದರಲ್ಲಿ ಹೊಸಬರು ಎಡವುವುದು ಒಂದೇ ಕಡೆ. ಕಣ್ಣು ಮುಚ್ಚಿಸಿ ಚೆಂದಾಗಿ ಎಳೆಯುತ್ತಾರೆ. ಕಣ್ಣು ತೆರೆದ ಕೂಡಲೇ ಮಡಿಕೆ ಇಳಿದು ಗೆರೆಯನ್ನು ನುಂಗಿಬಿಡುತ್ತದೆ. ಅದಕ್ಕೇ ಕಣ್ಣು ತೆರೆಸಿ, ನೆಟ್ಟಗೆ ನೋಡಲು ಹೇಳಿ, ಮಡಿಕೆಯ ಮೇಲೆಯೇ ಬಾಲ ಎಳೆಯಬೇಕು. ಕಣ್ಣು ಮುಚ್ಚಿದರೆ ಅದು ಸೊಟ್ಟಗೆ, ಮೆಟ್ಟಿಲಿನಂತೆ ಕಾಣುತ್ತದೆ, ಕಾಣಲಿ. ತೆರೆದಾಗ ಸರಿ ಬಂದರೆ ಸಾಕು. ಸಾಲದ್ದಕ್ಕೆ ಕಸ್ತೂರಿಯ ರೆಪ್ಪೆಗಳು ರೋಗದಿಂದ ಬಾತಿದ್ದವು. ಎರಡು ಸಲ ಎಳೆದು ಎರಡು ಸಲ ಒರೆಸಿದೆ.

“ನನ್ನ ನೋಡ್ರಿ. ನೆಟ್ಟಗ ನನ್ನ ನೋಡ್ರಿ,” ಎನ್ನುತ್ತ ಮೂರನೆಯ ಸಲ ಎಳೆದೆ. ಬಂತು.

ಕನ್ನಡಿಯತ್ತ ಕುರ್ಚಿ ತಿರುಗಿಸಿದೆ. ಆಕೆ ಕನ್ನಡಿಗೆ ಬಾಗಿ ಒಂದೊಂದೇ ಕಣ್ಣನ್ನು ನೋಡಿಕೊಂಡಳು. ಆಮೇಲೆ, “ಅಯ್ಯ ಶಿವನ! ನಾ ಎಚ್ಚರ ಅದೀನಲ್ರಿ!” ಎಂದು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ನಾನು ಮೊಬೈಲ್ ತೆಗೆದೆ. ಆಕೆ ಕೈ ಅಡ್ಡ ಹಿಡಿದಳು. “ಈ ಬಾತ ಮಾರಿ ಫೋಟೋ ಬ್ಯಾಡ್ರಿ. ಮದಿವ್ಯಾಗ ಬಾವು ಇಳದಿರ್ತೈತಿ, ಆವಾಗ ತಗೀರಿ.” ಮಗಳು ಬರುವ ಮುಂಚೆ ತಾನೇ ಎಣ್ಣೆ ಹಚ್ಚಿ ಎಲ್ಲ ಒರೆಸಿಕೊಂಡಳು.

ಬಾವು ಇಳಿಯಲಿಲ್ಲ. ಮದುವೆ ವಾರದಲ್ಲೇ ಒಂದು ಮುಂಜಾನೆ ಪೂಜಾಳ ಫೋನ್ ಬಂತು. “ಅಕ್ಕಾರ, ಅವ್ವ ಹೋದ್ಲರಿ. ನಿಮ್ಮ ಪೆಟಗಿ ತಗೊಂಡ ಬರ್ರಿ.” ಹಾಗಾದರೆ ಆ ಬಾಲದ ಆಸೆಯನ್ನು ಮಗಳಿಗೂ ಹೇಳಿದ್ದಳು.

ನಮ್ಮಲ್ಲಿ ಲಿಂಗಾಯತರು ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಪಡಸಾಲೆಯ ಗೋಡೆಗೆ ಆನಿಸಿ, ತಲೆ ವಾಲದಂತೆ ಬಟ್ಟೆ ಕಟ್ಟಿ, ಹಣೆಗೆ ವಿಭೂತಿ ಬಳಿದು ಕೂರಿಸಿದ್ದರು. ಮುತ್ತೈದೆ ಸಾವು ಎಂದು ಮಗಳ ಮದುವೆಗೆ ತಂದಿದ್ದ ಹಸಿರು ಸೀರೆಯನ್ನೇ ಉಡಿಸಿ, ಕೈತುಂಬ ಬಳೆ ಇಟ್ಟಿದ್ದರು. ಭಜನೆ ನಡೆದಿತ್ತು. ನಾನು ಪೆಟ್ಟಿಗೆ ಬಿಚ್ಚಿದ್ದನ್ನು ನೋಡಿ ಯಾರೋ ಅತ್ತೆಮ್ಮ, “ಹೆಣಕ್ಕೆಂಥಾ ಫ್ಯಾಶನ್ನ, ಹೊತ್ತಾಗಾಕತ್ತೈತಿ” ಅಂದಳು. “ಅವ್ವ ಬೇಡಿದ್ಲು, ಹಚ್ಚಲಿ” ಎಂದು ಪೂಜಾ ಸಿಡುಕಿದಳು.

ಮಂಡಿಯೂರಿ ಕೂತೆ. ಬ್ರಶ್ ಅದ್ದಿಕೊಂಡೆ. ವರ್ಷಗಳ ರೂಢಿ ನೋಡಿ, ಬಾಯಿ ತನ್ನಷ್ಟಕ್ಕೇ ಅಂದುಬಿಟ್ಟಿತು: “ನನ್ನ ನೋಡ್ರಿ. ನೆಟ್ಟಗ ನನ್ನ ನೋಡ್ರಿ.”

ಭಜನೆಯ ತಾಳ ನಿಂತಿತು. ಪೂಜಾ ಹೋ ಎಂದು ಅತ್ತುಬಿಟ್ಟಳು. ನನ್ನ ನಾಲಿಗೆ ಕತ್ತರಿಸಿ ಹಾಕಬೇಕು ಅನ್ನಿಸಿತು ನನಗೆ.

ಮುಚ್ಚಿದ ಕಣ್ಣಿಗೆ ಗೆರೆ ಎಳೆಯುವುದು ಬಲು ಸಲೀಸು. ಮಡಿಕೆ ಅಡ್ಡ ಬರುವುದಿಲ್ಲ, ರೆಪ್ಪೆ ನಡುಗುವುದಿಲ್ಲ, ಕಣ್ಣಲ್ಲಿ ನೀರು ಬರುವುದಿಲ್ಲ. ಅಷ್ಟು ನೆಟ್ಟಗಿನ ಬಾಲ ನನ್ನ ಜನ್ಮದಲ್ಲಿ ಮತ್ತೊಂದು ಬಂದಿಲ್ಲ. ಸುಡಲಿ ಅದು. ಎತ್ತುವ ಮುಂಚೆ ಮನೆಮಂದಿ ಸುತ್ತ ಕೂತು ಫೋಟೋ ತೆಗೆಸಿಕೊಂಡರು, ಅದೂ ಇಲ್ಲಿನ ರೂಢಿ. ಫೋಟೋದವನು ಪೂಜಾಳಿಗೆ ಸಮಾಧಾನ ಹೇಳಿದ: “ಅಳಬ್ಯಾಡ ತಂಗಿ, ಕಂಪ್ಯೂಟರದಾಗ ಕಣ್ಣ ತೆಗದ ಕೊಡ್ತೇನಿ.”

ನಿಂತ ಮದುವೆ ಕೆಲವು ತಿಂಗಳ ಮೇಲೆ ಮನೆ ಮುಂದೆಯೇ ಸಣ್ಣದಾಗಿ ಆಯಿತು. ಪೂಜಾಳನ್ನು ನಾನೇ ಸಿಂಗರಿಸಿದೆ. ಮಂಟಪದ ಪಕ್ಕ ಕುರ್ಚಿಯ ಮೇಲೆ ಮಾಲೆ ಹಾಕಿದ ದೊಡ್ಡ ಫೋಟೋ ಇಟ್ಟಿದ್ದರು. ಮೂಗು ಕಸ್ತೂರಿಯದು, ಬಾಯಿ ಕಸ್ತೂರಿಯದು. ಕಣ್ಣು ಯಾರವೋ! ದುಂಡಗೆ, ದೊಡ್ಡದಾಗಿ, ಮಡಿಕೆಯ ಗುರುತೇ ಇಲ್ಲದೆ. ಫೋಟೋದವನು ನಾನೆಳೆದ ಗೆರೆಯನ್ನೂ ಅಳಿಸಿ ಹಾಕಿದ್ದ.

“ಅಕ್ಕಾರ, ಅವ್ವನ ಕಣ್ಣ ಚಲೋ ಬಂದಾವಲ್ರಿ?” ಪೂಜಾ ಕೇಳಿದಳು.

“ಹೂಂ ತಂಗಿ, ಭಾಳ ಚಲೋ ಬಂದಾವ,” ಅಂದೆ.

ಅಕ್ಷತೆಯಾದ ಮೇಲೆ ಎಲ್ಲರೂ ಆ ಫೋಟೋದ ಸುತ್ತ ನಿಂತರು. ಅತ್ತು ಅತ್ತು ಪೂಜಾಳ ರೆಪ್ಪೆ ಬಾತು, ನಾನು ಹಚ್ಚಿದ ಬಾಲ ಮಡಿಕೆಯೊಳಗೆ ಹೋಗಿತ್ತು. ಫೋಟೋದವನು ಒದರಿದ: “ಮದುಮಗಳು, ಕಣ್ಣ ತೆಗಿಯವ್ವಾ!”

“ತೆಗದೇನ್ರಿ,” ಅಂದಳು ಪೂಜಾ.

ನನ್ನ ಕಸುಬು ನನಗೆ ಕಲಿಸಿದ್ದು ಇಷ್ಟೇ: ನಮ್ಮ ಕೈಗುಣವೆಲ್ಲ ಕಣ್ಣು ತೆರೆದಿರುವ ತನಕ. ಈಗ ನನ್ನ ಕುರ್ಚಿಯಿಂದ ಯಾರೇ ಏಳಲಿ, ಮುಖ ಬಾತಿರಲಿ ಬತ್ತಿರಲಿ, ಬೇಡವೆಂದರೂ ಬೇಡಿಕೊಂಡು ಒಂದು ಫೋಟೋ ಹೊಡೆದೇ ಕಳಿಸುತ್ತೇನೆ. ಮೊಬೈಲ್ ತುಂಬ ಊರ ಹೆಣ್ಣುಮಕ್ಕಳ ಕಣ್ಣುಗಳಿವೆ. ಕಸ್ತೂರಿಯದು ಒಂದೂ ಇಲ್ಲ.