ಅಕ್ಕನ ರೊಟ್ಟಿ ಹಂಚು

ತೆಲುಗು ನಾಡಿನ ಗಾಜುವಾಕದ ನಮ್ಮ ಕನ್ನಡ ಸಂಘ ಹುಟ್ಟಿದ್ದು ಒಂದು ರೊಟ್ಟಿ ಹಂಚಿನಿಂದ. ಹೊಸಬರಿಗೆ ಹೇಳಿದರೆ ನಗುತ್ತಾರೆ. ಆದರೆ ಸಂಗತಿ ಇರುವುದೇ ಹಾಗೆ.

ನಾವೆಲ್ಲ ಅಕ್ಕ ಎಂದು ಕರೆಯುವ ಹಿರಿಯರು ಧಾರವಾಡದ ಕಡೆಯವರು. ಗಂಡ ನೌಕಾಪಡೆಯಲ್ಲಿದ್ದರು. ಅವರು ಹಡಗು ಹತ್ತಿದ ಮೇಲೆ ತಮಗೊಬ್ಬರಿಗೇ ರೊಟ್ಟಿ ಬಡಿಯಲು ಬೇಸರವಾಗಿ, ಬಸ್ ಸ್ಟಾಪಿನಲ್ಲಿ ಕನ್ನಡ ಮಾತಾಡುತ್ತ ನಿಂತಿದ್ದ ಹೆಂಗಸರನ್ನು ಒಂದು ಭಾನುವಾರ ಊಟಕ್ಕೆ ಕರೆದರು. ಹೊರಡುವಾಗ ಒಬ್ಬಾಕೆಯ ಕೈಗೆ ಆ ಕಬ್ಬಿಣದ ಹಂಚನ್ನೇ ಕೊಟ್ಟು, "ಮುಂದಿನ ತಿಂಗಳು ನಿಮ್ಮನ್ಯಾಗ. ನೀವು ಕರೀಲಿಲ್ಲಂದ್ರ ನನಗ ರೊಟ್ಟಿನೇ ಇಲ್ಲ ನೋಡ್ರಿ" ಎಂದರಂತೆ. ಅದೇ ರೂಢಿಯಾಯಿತು. ಹಂಚು ಹೋದ ಮನೆಯಲ್ಲಿ ಮುಂದಿನ ತಿಂಗಳ ಊಟ. ಅದನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಕೂತು ಸೀರೆಗೆ ಮಸಿ ಮಾಡಿಕೊಂಡವರಲ್ಲಿ ನಾನೂ ಒಬ್ಬಳು.

ಆಮೇಲೆ ಅಕ್ಕ ವಿಜಯವಾಡದ ಒನ್ ಟೌನಿಗೆ, ಮಗಳ ಮನೆಗೆ ಹೋದರು. ಇತ್ತ ಸಂಘಕ್ಕೆ ಸಭಾಂಗಣ ಬಂತು, ಬ್ಯಾನರ್ ಬಂತು. ತಿಂಗಳ ಊಟ ಮಾತ್ರ ನಿಂತೇಹೋಯಿತು. ಹಂಚು ಕಾರ್ಯದರ್ಶಿಗಳ ಮನೆಯಲ್ಲೇ ಉಳಿಯಿತು. ಈ ವರ್ಷ ಸ್ಥಾಪಕರಿಗೆ ಸನ್ಮಾನ ಎಂದು ತೀರ್ಮಾನವಾದಾಗ, ಅಕ್ಕನನ್ನು ಕರೆತರಲು ನಾನು ಹೋದೆ.

"ಸ್ಥಾಪಕರು ಯಾರವ್ವಾ?"

"ನೀವ ಅಲ್ರೀ ಅಕ್ಕಾರ!"

"ನಾ ಏನ್ ಸ್ಥಾಪನಾ ಮಾಡೀನಿ? ಊಟಕ್ಕ ಕರದೀನಿ." ಅಕ್ಕ ಕೇಳಿದರು: "ಹಂಚು ಎಲ್ಲದ?" ಹೇಳಿದೆ. "ಹಂಗಾರ ಬರ್ತೀನಿ. ಸನ್ಮಾನದ ಶಾಲಿಗಲ್ಲ. ಹಂಚು ತಿರಗಲಿಲ್ಲಂದ್ರ ಏನೂ ಉಳಿಯೂದಿಲ್ಲ. ಅದನ್ನ ಹೊರಡಿಸಿ ಬರ್ತೀನಿ."

ರೈಲಿನುದ್ದಕ್ಕೂ ಕಿಟಕಿಯ ಕಡೆ ನೋಡುತ್ತ ಕೂತಿದ್ದರು. ಊರು ಕಟ್ಟಿದವರ, ಮತ ಕಟ್ಟಿದವರ ಕಥೆಗಳನ್ನು ಅಜ್ಜನ ಬಾಯಲ್ಲಿ ಕೇಳಿ ಬೆಳೆದವಳು ನಾನು. ಅವರಲ್ಲೂ ಕೆಲವರು ಯಾರನ್ನೋ ಊಟಕ್ಕೆ ಕರೆದವರಷ್ಟೇ ಇದ್ದಿರಬಹುದು ಎನ್ನಿಸಿತು.

ವೇದಿಕೆಯ ಮೇಲೆ ಗಾಜಿನ ಪೆಟ್ಟಿಗೆ. ಒಳಗೆ ಹಂಚು, ಕನ್ನಡಿಯ ಹಾಗೆ ಹೊಳೆಯುವ ಕಪ್ಪು. ಮೈಸೂರು ಕಡೆಯ ಕಾರ್ಯದರ್ಶಿಗಳು ಸಂಭ್ರಮದಿಂದ, "ತುಕ್ಕು ಹಿಡಿದುಬಿಟ್ಟಿತ್ತಮ್ಮಾ. ನಾನೇ ಮುಂದೆ ನಿಂತು ಪೇಂಟ್ ಮಾಡಿಸಿದೆ" ಎಂದರು.

"ಭಾಳ ಚಂದ ಕಾಣ್ತದಪಾ. ಆದ್ರ ಒಲಿ ಮ್ಯಾಲಿಟ್ರ ರೊಟ್ಟಿಕಿಂತ ಮೊದಲು ಪೇಂಟ್ ಬೇಯ್ತದ." ಅವರ ಮುಖ ಸಣ್ಣಗಾಯಿತು. ಅಕ್ಕ ಬೆನ್ನು ತಟ್ಟಿ, "ಇರ್ಲಿ, ತುಕ್ಕಿನ ಬಾಯಿಂದ ಉಳಿಸೀದಿ" ಎಂದರು.

ಶಾಲು ಹೊದಿಸಿ ಮೈಕು ಕೊಟ್ಟಾಗ ಕೇಳಿದ್ದು ಒಂದೇ ಮಾತು: "ಈ ಹಂಚು ಇವತ್ತ ಯಾರ ಮನಿಗೆ ಹೊಂಟದ?"

ಕೆಲವರು ಮೊಬೈಲ್ ನೋಡಿಕೊಂಡರು. ನನ್ನ ಫ್ಲಾಟಿಗಾದರೂ ಒಯ್ಯೋಣವೆಂದು ನಾನು ಏಳುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಒಬ್ಬ ಯುವತಿ ಎದ್ದಳು. ತಾಯಿ ನಮ್ಮ ಕಡೆಯವರು, ತಂದೆ ಭೀಮುನಿಪಟ್ಟಣದ ತೆಲುಗರು; ಅವಳ ಮಾತಿನಲ್ಲಿ ಎರಡೂ ಬೆರೆತಿದ್ದವು.

"ಅಮ್ಮಮ್ಮಾ, ನಂಗೆ ಕೊಡಂಡಿ. ಕಾನೀ... ನಂಗೆ ರೊಟ್ಟಿ ಮಾಡಕ್ಕೆ ರಾದು."

"ರೊಟ್ಟಿ ಬರದಿದ್ರ ದ್ವಾಶಿ ಹೊಯ್ಯವ್ವಾ. ಮಂದೀನ ಕರಿಯಾಕ ಬರ್ತದಿಲ್ಲೋ?"

"ಅದು ಬರುತ್ತೆ!"

ಕಾರ್ಯದರ್ಶಿಗಳೇ ಓಡಿಬಂದು ಪೆಟ್ಟಿಗೆ ತೆರೆದರು. "ಮೊದಲು ನನಗೆ ಕೊಡಿ, ಪೇಂಟ್ ಉಜ್ಜಿಸಿಕೊಡ್ತೀನಿ."

"ಬ್ಯಾಡಪಾ, ನಿನ್ನ ಕೈಗೆ ಕೊಟ್ರ ಮತ್ತ ಗಾಜಿನ್ಯಾಗ ಹೊಕ್ಕೀತು. ಉಜ್ಜೂದಿದ್ರ ಆಕಿ ಮನಿಗೇ ಹೋಗಿ ಉಜ್ಜು. ಊಟಾನೂ ಸಿಗ್ತದ."

ಎಲ್ಲರಿಗಿಂತ ಜೋರಾಗಿ ನಕ್ಕವರು ಕಾರ್ಯದರ್ಶಿಗಳೇ.

ಅಕ್ಕ ಹೆಗಲ ಶಾಲನ್ನು ತೆಗೆದು ಹಂಚಿಗೆ ಸುತ್ತಿ ಹುಡುಗಿಯ ಕೈಗಿಟ್ಟರು. "ಇದನ್ನೂ ಜತಿಗೇ ಕಳಸು. ಮುಂದಿನವರು ಆಟೋದಾಗ ಒಯ್ಯುವಾಗ ಸೀರಿಗೆ ಮಸಿ ಹತ್ತಬಾರದು."