ಅಂಟಿಸಿದ ಹಾಳೆಗಳು

ಗ್ರಂಥಾಲಯದ ಬಾಗಿಲಲ್ಲಿ ಕೂತು, ಬರುವವರ ಚೀಲ ಇಸಿದುಕೊಂಡು ಬಿಲ್ಲೆ ಕೊಡುವ, ಹೋಗುವವರ ಕೈಯಲ್ಲಿರುವುದನ್ನು ತಡಕಿ ನೋಡುವ ಕೆಲಸಕ್ಕೆ ಅವಳಿಗಿಂತ ತಕ್ಕವರು ಆ ಊರಿನಲ್ಲಿ ದೀಪ ಹಿಡಿದು ಹುಡುಕಿದರೂ ಸಿಗುತ್ತಿರಲಿಲ್ಲ. ಅಂಗಡಿಯವನು ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕಿದರೆ ಮನೆಗೆ ಬಂದು ಮೊರದಲ್ಲಿ ಹರಡಿ ಕಲ್ಲು ಹುಡುಕುವಳು. ಯಾರಾದರೂ ನಗುನಗುತ್ತಾ "ಚೆನ್ನಾಗಿದ್ದೀರಾ ಅಕ್ಕಾ?" ಎಂದರೆ, "ಯಾಕೆ, ಚೆನ್ನಾಗಿಲ್ಲ ಅಂತ ಯಾರು ಹೇಳಿದ್ರು?" ಎನ್ನುವಳು. ಓದಲು ಬರುವ ಹುಡುಗಿಯರು ಅವಳಿಗೆ ಪತ್ತೇದಾರಕ್ಕ ಎಂದು ಹೆಸರಿಟ್ಟಿದ್ದರು. ಅದು ಕಿವಿಗೆ ಬಿದ್ದಾಗ ಅವಳಿಗೆ ಬೇಜಾರೇನೂ ಆಗಲಿಲ್ಲ. ಇಷ್ಟು ದಿನ ಈ ಹೆಸರನ್ನು ತನ್ನಿಂದ ಯಾಕೆ ಮುಚ್ಚಿಟ್ಟಿದ್ದರು ಎಂದು ಮಾತ್ರ ತಲೆಗೆ ಹುಳ ಬಿಟ್ಟಂತಾಯಿತು.

ಅವಳೇನು ಹುಟ್ಟುವಾಗಲೇ ಹೀಗಿರಲಿಲ್ಲ. ಇದು ಗಂಡ ಬಿಟ್ಟು ಹೋದ ಆಸ್ತಿ. ಆ ಮನುಷ್ಯನ ಬಾಯಲ್ಲಿ ಜೇನು ಸುರಿಯುತ್ತಿತ್ತು. ದೊಡ್ಡ ಊರಿನಲ್ಲಿ ಹೊಲಿಗೆಯ ಕಾರ್ಖಾನೆ ಹಾಕೋಣ, ನೀನೇ ಯಜಮಾನಿ, ನಿನ್ನ ಕೈಕೆಳಗೆ ಇಷ್ಟು ಜನ ಎಂದು ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಿದ್ದ. ಅವಳು ಕೆಲಸ ಬಿಟ್ಟು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಒಂದು ಬೆಳಗ್ಗೆ ಅವಳ ಹೊಲಿಗೆ ಯಂತ್ರವನ್ನು ರಿಪೇರಿಗೆಂದು ಹೊತ್ತುಕೊಂಡು ಹೋದವನು ಯಂತ್ರವನ್ನೂ ತರಲಿಲ್ಲ, ತಾನೂ ಬರಲಿಲ್ಲ. ಮಗಳು ಆಗ ಇನ್ನೂ ಅಂಬೆಗಾಲಿಡುತ್ತಿದ್ದಳು. ಅಣ್ಣ ಬಂದು ಇಬ್ಬರನ್ನೂ ಕರೆದುಕೊಂಡು ಹೋಗಿ ತನ್ನ ಬಟ್ಟೆ ಅಂಗಡಿಯ ಹಿಂದಿನ ಎರಡು ಕೋಣೆ ಬಿಟ್ಟುಕೊಟ್ಟ. ಅಂದಿನಿಂದ ಅವಳಿಗೆ ಒಂದು ವಿಷಯ ಖಾತ್ರಿಯಾಗಿತ್ತು. ಚಂದವಾಗಿ ಕಥೆ ಹೇಳುವವರು ಹೋಗುವಾಗ ಏನಾದರೊಂದನ್ನು ಹೊತ್ತುಕೊಂಡೇ ಹೋಗುತ್ತಾರೆ.

ಅಂಥವಳ ಕಣ್ಣೆದುರಿಗೇ ಗ್ರಂಥಾಲಯಕ್ಕೆ ಒಬ್ಬರು ಕಥೆ ಟೀಚರ್ ಬಂದು ವಕ್ಕರಿಸಿದರು. ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು, ದಪ್ಪ ಕನ್ನಡಕ, ಮೆತ್ತಗಿನ ಮಾತು. ಪ್ರತಿ ಶನಿವಾರ ಮಧ್ಯಾಹ್ನ ಮಹಡಿಯ ಕೋಣೆಯಲ್ಲಿ ಹುಡುಗಿಯರನ್ನು ಕೂಡಿಸಿಕೊಂಡು, ದೊಡ್ಡ ಕೆಲಸ ಮಾಡಿದ ಹೆಂಗಸರ ಪುಸ್ತಕ ತೆಗೆದು ಓದಿ ಹೇಳುತ್ತಿದ್ದರು. ವಿಮಾನ ಹಾರಿಸಿದವಳು, ಸಮುದ್ರದ ಆಳ ಅಳೆದವಳು, ನ್ಯಾಯಾಧೀಶೆಯಾದವಳು, ಸೇತುವೆ ಕಟ್ಟಿದವಳು. ಇದಕ್ಕೆ ಅವರಿಗೆ ಸಂಬಳವಿಲ್ಲ, ಒಂದು ಲೋಟ ಚಹಾ ಬಿಟ್ಟರೆ ಏನೂ ಇಲ್ಲ.

"ಪುಕ್ಕಟೆ ಯಾಕೆ ಮಾಡ್ತಾರೆ ಸಾರ್?" ಎಂದು ಪತ್ತೇದಾರಕ್ಕ ಗ್ರಂಥಪಾಲಕರನ್ನು ಕೇಳಿದಳು.

"ಹೆಣ್ಮಕ್ಕಳಿಗೆ ಒಳ್ಳೇದಾಗ್ಲಿ ಅಂತ" ಎಂದರು ಅವರು ತಲೆಯೆತ್ತದೆ.

ಇಂಥ ಉತ್ತರದಿಂದ ಯಾರಿಗಾದರೂ ಸಮಾಧಾನವಾಗುತ್ತದೆಯೇ? ಮೇಲಾಗಿ ಆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೆಳಗೆ ಪೇಪರ್ ಓದುವ ಮುದುಕರಿಗೆ ಗಲಾಟೆಯಾಗಬಾರದಂತೆ. ಟೀಚರ್ ಚೀಲವನ್ನು ಅವಳು ಬೇರೆಯವರ ಚೀಲಕ್ಕಿಂತ ಹೆಚ್ಚು ಹೊತ್ತು ತಡಕುತ್ತಿದ್ದಳು. ಕನ್ನಡಕದ ಡಬ್ಬಿ, ಕರವಸ್ತ್ರ, ನೀರಿನ ಬಾಟಲಿ, ಒಂದು ಗೋಂದಿನ ಶೀಶೆ.

"ಗೋಂದು ಯಾಕೆ?"

"ಹರಿದ ಹಾಳೆ ಕಂಡ್ರೆ ಅಂಟಿಸ್ತೀನಮ್ಮ" ಎಂದು ಟೀಚರ್ ನಕ್ಕರು. ನಗು ಸ್ವಲ್ಪ ಅವಸರದ್ದು ಅನ್ನಿಸಿತು ಅವಳಿಗೆ.

ಇದೆಲ್ಲ ಬೇರೆಯವರ ಮನೆಯ ಹುಡುಗಿಯರ ವಿಷಯವಾಗಿದ್ದರೆ ಅವಳು ಅನುಮಾನ ಪಟ್ಟುಕೊಂಡು ಸುಮ್ಮನಿರುತ್ತಿದ್ದಳೋ ಏನೋ. ಆದರೆ ಶನಿವಾರ ಅರ್ಧ ದಿನ ಶಾಲೆ ಮುಗಿಸಿ ಅಮ್ಮನಿಗಾಗಿ ಕಾಯುತ್ತಾ ಕೂರುತ್ತಿದ್ದ ಅವಳ ಮಗಳೂ ಮಹಡಿ ಹತ್ತಲು ಶುರು ಮಾಡಿದ್ದಳು. ರಸ್ತೆಯಲ್ಲಿ ಅಲೆಯುವುದಕ್ಕಿಂತ ವಾಸಿ ಎಂದು ಬಿಟ್ಟದ್ದೇ ತಪ್ಪಾಯಿತು. ಹುಡುಗಿ ಮನೆಯಲ್ಲಿ ಎರಡು ಡಬ್ಬಿಗಳ ನಡುವೆ ಸ್ಕೇಲಿಟ್ಟು ಅದರ ಮೇಲೆ ಲೋಟ ಪೇರಿಸಿ, ಎಲ್ಲಿ ಬಾಗುತ್ತದೆ ಎಂದು ಕಣ್ಣು ಕಿರಿದು ಮಾಡಿ ನೋಡತೊಡಗಿದಳು. ಸ್ಕೇಲು ಮುರಿಯಿತು. ಒಂದು ಲೋಟವೂ ಹೋಯಿತು. ಶಾಲೆಯ ಪರೀಕ್ಷೆ ಮುಗಿದ ಮೇಲೆ ಬಾಯಿಬಿಟ್ಟು ಹೇಳಿದಳು. ಪಕ್ಕದ ಜಿಲ್ಲೆಯ ಪಾಲಿಟೆಕ್ನಿಕ್‌ನಲ್ಲಿ ಸೇತುವೆ, ರಸ್ತೆ ಕಟ್ಟುವ ಓದಿಗೆ ಸೀಟು ಸಿಕ್ಕಿದೆ, ಹಾಸ್ಟೆಲ್ಲೂ ಇದೆ, ಬರುವ ತಿಂಗಳು ಹೋಗಿ ಸೇರಬೇಕು.

ಇತ್ತ ಅಣ್ಣ ಆಗಲೇ ಮಾತು ಆಡಿಯಾಗಿತ್ತು. ಬರುವ ಒಂದನೇ ತಾರೀಕಿನಿಂದ ಸೋದರಸೊಸೆ ತನ್ನ ಅಂಗಡಿಯಲ್ಲಿ ಕೂರಲಿ, ಮನೆಯ ಹುಡುಗಿ, ನಂಬಿಕೆಗೆ ಆಗುತ್ತಾಳೆ ಎಂದು. ಅವನು ಬಿಟ್ಟುಕೊಟ್ಟ ಕೋಣೆಯಲ್ಲಿ ಕೂತು ಅವನಿಗೆ ಇಲ್ಲ ಎನ್ನುವುದು ಹೇಗೆ? ಹುಡುಗಿಗೆ ಹೂಂ ಎನ್ನುವುದಾದರೂ ಹೇಗೆ? ಅವಳು ಇಬ್ಬರಿಗೂ "ನೋಡೋಣ" ಎಂದು ಹೇಳಿ ಕಾಲ ತಳ್ಳುತ್ತಿದ್ದಳು.

ಟೀಚರ್ ಮಕ್ಕಳ ಕಿವಿಯಲ್ಲಿ ಏನು ಊದುತ್ತಿದ್ದಾರೆ ಎಂದು ನೋಡಿಯೇ ಬಿಡಬೇಕೆಂದು ಒಂದು ಶನಿವಾರ ಚಹಾ ಕೊಡುವ ನೆಪದಲ್ಲಿ ಮಹಡಿ ಹತ್ತಿದಳು. ಬಾಗಿಲಿಗೆ ಕಿವಿಯಿಟ್ಟಳು. "ಅವಳು ಕಟ್ಟಿಸಿದ ಮೊದಲನೇ ಸೇತುವೆ ಒಂದೇ ಮಳೆಗೆ ಕೊಚ್ಚಿಕೊಂಡು ಹೋಯ್ತು" ಎಂದು ಟೀಚರ್ ಕಥೆ ಶುರು ಮಾಡಿದರು. ಮುಂದಿನ ಶನಿವಾರ ಮತ್ತೆ ಚಹಾ. "ವಿಮಾನ ಇಳಿಸುವಾಗ ಅವಳ ಕೈ ನಡುಗ್ತಿತ್ತು" ಎಂದು ಶುರುವಾಯಿತು. ಪತ್ತೇದಾರಕ್ಕನಿಗೆ ಕೈಯಲ್ಲಿದ್ದ ಚಹಾ ತಣ್ಣಗಾದದ್ದೂ ತಿಳಿಯಲಿಲ್ಲ. ಕಥೆ ಚೆನ್ನಾಗಿಯೇ ಇತ್ತು, ಅದೇ ಅವಳಿಗೆ ಭಯ. ಆದರೆ ಈ ಹೆಂಗಸರಿಗೆ ಅಪ್ಪ ಅಮ್ಮ ಇರಲಿಲ್ಲವೇ? ಒಬ್ಬಳೂ ಹುಟ್ಟಿದ್ದನ್ನು, ಬೆಳೆದದ್ದನ್ನು ಹೇಳುವುದಿಲ್ಲ. ಎಲ್ಲರೂ ದೊಡ್ಡವರಾಗಿಯೇ ಆಕಾಶದಿಂದ ಉದುರಿದರೇ?

ವಾಪಸು ಬಂದ ಪುಸ್ತಕಗಳ ಹಾಳೆ ಹರಿದಿದೆಯೇ ಎಂದು ತಿರುವಿ ನೋಡುವುದೂ ಅವಳ ಕೆಲಸವೇ. ಸೋಮವಾರ ಸೇತುವೆಯವಳ ಪುಸ್ತಕ ತೆಗೆದಳು. ಶುರುವಿನ ಹಾಳೆಗಳು ರಟ್ಟಿನಷ್ಟು ದಪ್ಪ. ಬೆರಳಾಡಿಸಿದರೆ ಅಂಚುಗಳಿಗೆಲ್ಲ ನೀಟಾಗಿ ಗೋಂದು ಹಚ್ಚಿ ಒಂದಕ್ಕೊಂದು ಅಂಟಿಸಿದೆ. ವಿಮಾನದವಳದ್ದು ತೆಗೆದಳು, ಅದೂ ಹಾಗೇ. ನ್ಯಾಯಾಧೀಶೆಯದೂ ಹಾಗೇ. ಸಿಕ್ಕಿಬಿದ್ದರಲ್ಲ ಟೀಚರ್! ಒಳಗೆ ಏನೋ ಮಾಡಬಾರದ್ದು ಅಡಗಿಸಿದ್ದಾರೆ ಎಂದು ಚಹಾ ಕಾಯಿಸುವ ಮೂಲೆಗೆ ಒಯ್ದು, ಕುದಿಯುವ ನೀರಿನ ಆವಿಗೆ ಹಿಡಿದು, ಒಂದೊಂದೇ ಹಾಳೆ ಬಿಡಿಸಿದಳು.

ಮಾಡಬಾರದ್ದೇನೂ ಇರಲಿಲ್ಲ. ಸೇತುವೆಯವಳ ಅಪ್ಪ ಸರ್ಕಾರದ ಮುಖ್ಯ ಎಂಜಿನಿಯರ್. ಮನೆಯಲ್ಲಿ ಆಳುಕಾಳು, ಗೋಡೆ ತುಂಬ ಪುಸ್ತಕ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಮಗಾರಿ ತೋರಿಸಲು ಒಯ್ಯುತ್ತಿದ್ದರು. ಹುಡುಗಿಗೆ ಇಂಥ ಓದು ಯಾಕೆಂದು ನೆಂಟರೆಲ್ಲ ಅಡ್ಡಗಾಲು ಹಾಕಿದಾಗ, "ನೀನು ಹೋಗು, ನಾನಿದ್ದೇನೆ" ಎಂದರು. ವಿಮಾನದವಳ ಅಜ್ಜ ಕಾರ್ಖಾನೆಯ ಮಾಲೀಕ. ನ್ಯಾಯಾಧೀಶೆಯ ಚಿಕ್ಕಪ್ಪ ಹೆಸರಾಂತ ವಕೀಲ.

ಅವಳಿಗೆ ಮೈಯೆಲ್ಲ ಉರಿಯಿತು. ನಿಜ ಹೇಳಬೇಕೆಂದರೆ ಆ ಉರಿಯ ಜೊತೆಗೆ ಒಂದು ನಿರಾಳವೂ ಇತ್ತು. ಇದನ್ನು ಮಗಳ ಮುಂದೆ ಹಿಡಿದರೆ ಸಾಕು, ಸೇತುವೆಯ ಹುಚ್ಚು ತಾನಾಗಿ ಇಳಿಯುತ್ತದೆ. ಅಣ್ಣನ ಮುಂದೆ ಬಾಯಿ ತೆರೆಯುವ ಕಷ್ಟವೂ ತಪ್ಪುತ್ತದೆ. ಆದರೆ ಮೊದಲು ಟೀಚರನ್ನು ವಿಚಾರಿಸಿಕೊಳ್ಳಬೇಕಿತ್ತು. ಶನಿವಾರ ಹುಡುಗಿಯರು ಬರುವ ಮೊದಲೇ ಮಹಡಿ ಹತ್ತಿ ಪುಸ್ತಕವನ್ನು ಅವರ ಮುಂದೆ ಇಟ್ಟಳು.

"ಏನಿದು ಟೀಚರ್?"

ಟೀಚರ್ ಮುಖ ಬಿಳಿಚಿಕೊಂಡಿತು. ಕನ್ನಡಕ ತೆಗೆದು ಒರೆಸಿದರು. "ನಾನೇ ಅಂಟಿಸಿದ್ದು."

"ಅದು ಗೊತ್ತು. ಯಾಕೆ ಅಂತ ಕೇಳ್ತಿದೀನಿ."

"ಮೊದಮೊದಲು ನಾನೂ ಶುರುವಿಂದಲೇ ಓದ್ತಿದ್ದೆ. ಅವಳಪ್ಪ ಮುಖ್ಯ ಎಂಜಿನಿಯರ್ ಅಂತ ಓದಿದ್ನೋ ಇಲ್ವೋ, ಹಿಂದೆ ಕೂತಿದ್ದ ಒಬ್ಬ ಹುಡುಗಿ 'ಓ, ಹಾಗಾದ್ರೆ ಸರಿ ಬಿಡಿ' ಅಂದ್ಲು. ಅಷ್ಟೇ. ಆಮೇಲೆ ಒಬ್ಬರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಮುಂದಿನ ವಾರ ಅರ್ಧಕ್ಕರ್ಧ ಜನ ಬರಲೇ ಇಲ್ಲ. ಈ ಹಾಳೆಗಳು ಇಲ್ದಿದ್ರೆ ಉಳೀತಾರೇನೋ ಅನ್ನಿಸ್ತು. ಬರೀ ಬಿಟ್ಟು ಓದಿದ್ರೆ ಆಮೇಲೆ ತಾವೇ ತಿರುವಿ ನೋಡ್ತಾರಲ್ಲ."

"ಅಂದ್ರೆ ಮಕ್ಕಳಿಗೆ ಸುಳ್ಳು ಹೇಳಿದ್ರಿ."

"ಸುಳ್ಳು ಹೇಳಲಿಲ್ಲಮ್ಮ. ನಿಜಾನ ಸ್ವಲ್ಪ ತಡವಾಗಿ ಶುರು ಮಾಡ್ದೆ."

"ನನ್ನ ಗಂಡನೂ ಹೀಗೇ ಮಾತಾಡ್ತಿದ್ದ" ಎಂದಳು ಪತ್ತೇದಾರಕ್ಕ.

ಟೀಚರ್ ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು. "ಗ್ರಂಥಪಾಲಕರಿಗೆ ಹೇಳ್ತೀರಾ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

"ಮೊದಲು ನನ್ನ ಮಗಳಿಗೆ ಹೇಳ್ತೀನಿ."

ಅಂದು ಅವಳು ಆ ಪುಸ್ತಕವನ್ನು ಊಟದ ಡಬ್ಬಿಯ ಚೀಲದಲ್ಲಿ ತುರುಕಿಕೊಂಡು ಮನೆಗೆ ಒಯ್ದಳು. ಊರಿನವರ ಚೀಲವನ್ನೆಲ್ಲ ತಡಕಿದವಳ ಚೀಲವನ್ನು ತಡಕುವವರು ಯಾರೂ ಇರಲಿಲ್ಲವಲ್ಲ. ಮಗಳು ಒಣಗಿದ ಬಟ್ಟೆ ಮಡಚುತ್ತಿದ್ದಳು. ಬಿಡಿಸಿದ ಹಾಳೆಗಳನ್ನು ಅವಳ ಮುಂದೆ ಹಿಡಿದು, "ಓದು, ನಿಮ್ಮ ಟೀಚರ್ ಏನು ಮುಚ್ಚಿಟ್ಟಿದಾರೆ ನೋಡು" ಎಂದಳು.

ಹುಡುಗಿ ಒಂದು ಸಲ ಕಣ್ಣು ಹಾಯಿಸಿ ಮತ್ತೆ ಬಟ್ಟೆಗೆ ಕೈ ಹಾಕಿದಳು. "ಗೊತ್ತಮ್ಮ."

"ಏನ್ ಗೊತ್ತು?"

"ಇವಳಪ್ಪ ಎಂಜಿನಿಯರ್. ವಿಮಾನದವಳ ಅಜ್ಜನಿಗೆ ಕಾರ್ಖಾನೆ. ಎಲ್ಲಾ ಗೊತ್ತು. ಅಂಟಿಸಿದ ಹಾಳೆ ಕಂಡ್ರೆ ಬಿಡ್ತೀನಾ? ನಾನು ಯಾರ ಮಗಳು?"

"ಮತ್ತೆ ಅಂಟಿಕೊಂಡೇ ಇದ್ವಲ್ಲ!"

"ಬಿಚ್ಚಿ ಓದಿ ನಾವೇ ಮತ್ತೆ ಅಂಟಿಸ್ತಿದ್ವಿ. ಟೀಚರಿಗೆ ಗೊತ್ತಾದ್ರೆ ಪಾಪ ಬೇಜಾರಾಗುತ್ತೆ ಅಂತ."

ಪತ್ತೇದಾರಕ್ಕ ಧೊಪ್ಪನೆ ಕೂತಳು. ಇಷ್ಟು ವರ್ಷ ಬಾಗಿಲಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಕಾದವಳ ಮೂಗಿನ ಕೆಳಗೇ ಮಹಡಿಯ ಮೇಲೆ ಹೀಗೆ ಬಿಚ್ಚುವುದು, ಅಂಟಿಸುವುದು ನಡೆದಿತ್ತು. ಆದರೂ ಪಟ್ಟು ಬಿಡಲಿಲ್ಲ.

"ಗೊತ್ತಿದ್ದೂ ಯಾಕೆ ಹೋಗ್ತಿದ್ದೆ? ಅವರಿಗೆಲ್ಲ ಹಿಂದೆ ದೊಡ್ಡ ದೊಡ್ಡವರು ನಿಂತಿದ್ರು. ನಿನಗೇನಿದೆ?"

ಹುಡುಗಿಯ ಕೈ ನಿಂತಿತು. "ಎಲ್ಲಾ ಪುಸ್ತಕದಲ್ಲೂ ಆ ಹಾಳೆಗಳಲ್ಲಿ ಒಬ್ಬರು ಇರ್ತಾರಮ್ಮ, ನೀನು ಹೋಗು ಅನ್ನೋರು. ಅಪ್ಪನೋ, ಅಜ್ಜನೋ, ಯಾರೋ. ಟೀಚರ್ ಹೋದ್ಮೇಲೆ ನಾವು ಕೂತು, ನಮಗೆ ಅಂಥೋರು ಯಾರಿದಾರೆ ಅಂತ ಮಾತಾಡ್ಕೋತಿದ್ವಿ. ಸುಮಾರು ಜನ ಯಾರೂ ಇಲ್ಲ ಅಂದ್ರು."

"ನೀನೇನಂದೆ?"

"ನಮ್ಮಮ್ಮ ಅಂದೆ. ಎಲ್ಲರೂ ಬಿದ್ದೂ ಬಿದ್ದೂ ನಕ್ಕರು, ಪತ್ತೇದಾರಕ್ಕನಾ ಅಂತ." ಹುಡುಗಿಯ ದನಿ ಸ್ವಲ್ಪ ಒಡೆಯಿತು. "ನಕ್ಕರೆ ನಗ್ಲಿ. ನಮ್ಮಮ್ಮ ಇನ್ನೂ 'ನೋಡೋಣ' ಅಂತಿದ್ದಾಳೆ, ಇಲ್ಲ ಅಂದಿಲ್ಲವಲ್ಲ ಅಂದೆ."

ಅವಳು ಮಗಳ ಮುಖವನ್ನು ದಿಟ್ಟಿಸಿದಳು. ಬೆಣ್ಣೆ ಹಚ್ಚುತ್ತಿದ್ದಾಳೆಯೇ? ಕೆಲಸ ಸಾಧಿಸಿಕೊಳ್ಳಲು ಆಡುವ ಮಾತೇ? ತಡಕುವುದರಲ್ಲಿ ಪಳಗಿದ ಕಣ್ಣು ಆ ಮುಖವನ್ನೆಲ್ಲ ತಡಕಿತು. ಅಲ್ಲಿ ಅಡಗಿಸಿಟ್ಟದ್ದು ಏನೂ ಸಿಗಲಿಲ್ಲ. ಯಾರನ್ನೂ ನಂಬದ ತನ್ನನ್ನು ಒಬ್ಬರು ಇಷ್ಟು ನಂಬಿಕೊಂಡು ಕೂತಿದ್ದಾರೆ ಎಂದು ತಿಳಿದಾಗ ಅವಳಿಗೆ ಸಂತೋಷಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಮಾರನೆಯ ಬೆಳಗ್ಗೆ ಅಣ್ಣ ಬಂದ. ಭಾನುವಾರ, ಅಂಗಡಿಗೆ ರಜೆ. ಒಳಗೆ ಬಂದು ಕೂರದೆ ಬಾಗಿಲಲ್ಲೇ ನಿಂತು, "ನಾಳೆ ಒಂದನೇ ತಾರೀಕು. ಬೇಗ ಕಳಿಸು, ಬಾಗಿಲು ತೆಗೆಯೋ ಹೊತ್ತಿಗೆ ಇರ್ಲಿ" ಎಂದ.

"ಅವಳು ಬರಲ್ಲ ಅಣ್ಣ."

"ಯಾಕೆ, ಮೈಗೆ ಹುಷಾರಿಲ್ವಾ?"

"ಹುಷಾರಾಗಿದ್ದಾಳೆ. ಓದೋಕೆ ಹೋಗ್ತಾಳೆ. ಸೇತುವೆ ಕಟ್ಟೋ ಓದು."

ಅಣ್ಣ ಅವಳನ್ನು ನೋಡಿದ. ಆಮೇಲೆ ಗೋಡೆ, ಮಾಡು, ಕಿಟಕಿ ಎಂದು ಆ ಕೋಣೆಯನ್ನು ಒಂದು ಸುತ್ತು ನೋಡಿದ. ಆ ನೋಟಕ್ಕೆ ಅರ್ಥ ಹೇಳಿಸಿಕೊಳ್ಳಬೇಕಾದ ಹೆಂಗಸು ಅವಳಲ್ಲ.

"ಯಾರು ಅವಳ ತಲೆ ಕೆಡಿಸಿದ್ದು?" ಎಂದ ಅಣ್ಣ. "ಆ ಲೈಬ್ರರಿ ಟೀಚರಾ?"

ಹೂಂ ಎಂದರೆ ಮುಗಿದಿತ್ತು. ಅಣ್ಣನ ಸಿಟ್ಟೆಲ್ಲ ಗ್ರಂಥಾಲಯದ ಮಹಡಿಯ ಕಡೆಗೆ ತಿರುಗುತ್ತಿತ್ತು, ತಂಗಿ ಪಾಪದವಳಾಗಿ ಉಳಿಯುತ್ತಿದ್ದಳು. ಮೇಲಾಗಿ ಅದರಲ್ಲಿ ಸುಳ್ಳೂ ಹೆಚ್ಚೇನಿರಲಿಲ್ಲ. ಒಳಗೆ ಪಾತ್ರೆ ತೊಳೆಯುತ್ತಿದ್ದ ಮಗಳು ಸದ್ದು ನಿಲ್ಲಿಸಿದ್ದು ಅವಳಿಗೆ ಕೇಳಿಸಿತು.

"ಅಲ್ಲ ಅಣ್ಣ" ಎಂದಳು. "ನಾನೇ."